ಯಾರ ಕೈಯಲ್ಲೂ ಇಲ್ಲದ ದೋಣಿ

ಬೆಳಗಿನ ಐದೂಕಾಲು. ಬಂದರು ಕಚೇರಿಯ ಎರಡನೇ ಮಹಡಿಯಲ್ಲಿ ಐವತ್ತಾರರ ಹೆಂಗಸೊಬ್ಬರು ಕಂಪ್ಯೂಟರ್ ಪರದೆಯ ಮೇಲೆ ಬೆರಳಿಟ್ಟು ದೋಣಿಗಳನ್ನು ಎಣಿಸುತ್ತಿದ್ದಾರೆ. ನಲವತ್ತಾರು. ಮತ್ತೆ ಮೊದಲಿಂದ ಎಣಿಸುತ್ತಾರೆ. ನಲವತ್ತಾರೇ. ಪಕ್ಕದಲ್ಲಿ ಗೇಟಿನ ಕಾವಲುಗಾರ ದೋಣಿಗಳ ನಂಬರು ಬರೆದುಕೊಟ್ಟ ಚೀಟಿಯಿದೆ. ಹೋದವುಗಳಲ್ಲಿ ಬಂದವನ್ನು ಕಳೆದು ಅವನ ಪ್ರಕಾರ ಕಡಲಲ್ಲಿ ಉಳಿದಿರುವುದು ನಲವತ್ತೇಳು.

"ಒಂದು ಎಲ್ಲಿ ಹೋಯ್ತು?" ಎಂದು ಅವರು ಪರದೆಯನ್ನೇ ಕೇಳುತ್ತಾರೆ.

ಕಚೇರಿಯವರು ಇವರಿಗಿಟ್ಟ ಹೆಸರು ಅನುಮಾನಕ್ಕ. ಎದುರಿಗೇ ಹಾಗೆ ಕರೆಯುತ್ತಾರೆ, ಇವರೂ ಓಗೊಡುತ್ತಾರೆ. ಅನುಮಾನದಲ್ಲಿ ನಾನೇನೂ ಕಮ್ಮಿಯಲ್ಲ. ಇವರ ಬಗ್ಗೆ ಬರೆಯಲು ಪತ್ರಿಕೆಯಿಂದ ನಾನು ಬಂದ ದಿನವೇ ಸರಿಯಾಗಿ ಒಂದು ದೋಣಿ ಕಾಣೆಯಾಗುವುದೆಂದರೆ? ನನಗೆ ತೋರಿಸಲೆಂದೇ ಹೂಡಿದ ಆಟವಿರಬೇಕೆಂದು ಒಳಗೊಳಗೇ ಅಂದುಕೊಳ್ಳುತ್ತೇನೆ.

ಇವರ ಕೆಲಸವೇನೆಂದು ಕೆಳಗಿನ ಮಹಡಿಯವರನ್ನು ಕೇಳಿದರೆ "ಕಂಪ್ಯೂಟರ್ ನೋಡ್ಕೊಳ್ತಾರೆ" ಎಂದು ಕೈತೊಳೆದುಕೊಳ್ಳುತ್ತಾರೆ. ಸಂಗತಿ ಹೀಗಿದೆ. ದಡದುದ್ದಕ್ಕೂ ಐದು ಠಾಣೆ, ಠಾಣೆಗೊಂದು ಕಂಪ್ಯೂಟರ್. ಕಡಲಿಗಿಳಿದ ಪ್ರತಿ ದೋಣಿಗೂ ಯಂತ್ರದೊಳಗೊಂದು ಕಡತ ಹುಟ್ಟುತ್ತದೆ. ಎಷ್ಟು ಜನ, ಎಷ್ಟು ಡೀಸೆಲ್, ಕೊನೆಗೆ ಕಂಡದ್ದೆಲ್ಲಿ ಎಂಬುದೆಲ್ಲ ಅದರಲ್ಲಿ. ದೋಣಿ ಯಾವ ಠಾಣೆಯ ಎದುರಿಗಿದೆಯೋ ಆ ಠಾಣೆ ಕಡತವನ್ನು ಹಿಡಿದುಕೊಂಡಿರುತ್ತದೆ. ಯಾರೂ ಹಿಡಿದಿಲ್ಲವೆಂದರೆ ದೋಣಿ ದಡ ಸೇರಿತೆಂದೇ ಅರ್ಥ. ಕಡತ ತಾನಾಗಿ ಅಳಿಯುತ್ತದೆ. ಈ ಹಿಡಿಯುವ, ಬಿಡುವ, ಅಳಿಸುವ ವ್ಯವಹಾರವೆಲ್ಲ ಆಪರೇಟಿಂಗ್ ಸಿಸ್ಟಮ್‌ನ ಒಳಗೆ, ಯಾರ ಕಣ್ಣಿಗೂ ಬೀಳದಲ್ಲಿ ನಡೆಯುತ್ತದೆ. ಹತ್ತೊಂಬತ್ತು ವರ್ಷಗಳಿಂದ ಆ ಜಾಗವನ್ನು ಕಾಯುತ್ತಿರುವವರು ಅನುಮಾನಕ್ಕ. ರಕ್ಷಣಾ ದೋಣಿ ಹುಡುಕಲು ಹೊರಡುವುದು ಈ ಕಡತಗಳ ಪಟ್ಟಿಯಲ್ಲಿ ಇರುವವರನ್ನು ಮಾತ್ರ.

ಅವರು ಮೇಲಧಿಕಾರಿಗೆ ಫೋನ್ ಹಚ್ಚುತ್ತಾರೆ. ಆಕಳಿಕೆಯ ಜೊತೆಗೇ ಉತ್ತರ ಬರುತ್ತದೆ: "ಬಂದಿರುತ್ತೆ ಬಿಡಿ ಮೇಡಂ. ಕಾವಲುಗಾರ ನಿದ್ದೆಗಣ್ಣಲ್ಲಿ ತಪ್ಪು ಬರೆದಿರ್ತಾನೆ."

"ಅವನೂ ತಪ್ಪಬಹುದು ಸರ್, ಯಂತ್ರಾನೂ ತಪ್ಪಬಹುದು. ದೋಣಿ ಕಣ್ಣಿಗೆ ಬೀಳೋವರೆಗೂ ನಾನು ಇಬ್ಬರನ್ನೂ ನಂಬಲ್ಲ."

ಬೆರಳಚ್ಚಿನ ಕೆಲಸಕ್ಕೆಂದು ಸೇರಿದವರು ಇವರು. ಯಂತ್ರದ ಜೊತೆ ಬಂದ ದಪ್ಪ ಪುಸ್ತಕಗಳನ್ನು ಯಾರೂ ಬಿಡಿಸದಿದ್ದಾಗ ಊಟದ ಬಿಡುವಿನಲ್ಲಿ ಒಬ್ಬರೇ ಓದಿ ಕಲಿತರು. ಆಮೇಲೆ ಬಂದವರು ಇವರನ್ನು ಹಿಂದಿಕ್ಕಿ ಮೂರು ಸಲ ಬಡ್ತಿ ಪಡೆದರು. ಬೆನ್ನುನೋವಿನ ಗಂಡನಿಗೆ ತಿಂಡಿ ಮುಚ್ಚಿಟ್ಟು ನಾಲ್ಕೂವರೆಗೇ ಮನೆ ಬಿಡುತ್ತಾರೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಮಾತು ಮೈಗೇ ಹತ್ತಿದೆ. ಮಗಳು ಹೇಳುವುದು ಕೇಳಿ: "ನನ್ನ ಗಂಡನ್ನ ಅಮ್ಮ ಒಂದೇ ಸಲ ನೋಡಿ ಒಪ್ಪಿದ್ಲು. ಗ್ಯಾಸ್ ಆಫ್ ಆಗಿದ್ಯಾ ಅಂತ ಮಾತ್ರ ದಿನಾ ಮೂರು ಸಲ ನೋಡ್ತಾಳೆ."

ಚೀಟಿಯ ಜೊತೆ ಪಟ್ಟಿಯನ್ನು ಸಾಲುಸಾಲಾಗಿ ತಾಳೆ ನೋಡಿದಾಗ ಬಿಟ್ಟುಹೋದದ್ದು ಸಿಗುತ್ತದೆ. ಎಪ್ಪತ್ತೊಂದನೇ ನಂಬರಿನ ದೋಣಿ, ನಾಲ್ಕು ಜನ. ಅದರ ಯಜಮಾನನ ಮನೆಗೆ ಫೋನ್ ಹೋಗುತ್ತದೆ. ಎತ್ತಿಕೊಂಡದ್ದು ಹೆಂಡತಿ.

"ಬಂದಿಲ್ಲ ಕಣಕ್ಕಾ. ನಿನ್ನೆ ಸಂಜೆನೇ ಬರ್ಬೇಕಿತ್ತು. ಕಚೇರಿಗೆ ಕೇಳಿದ್ರೆ ಪಟ್ಟೀಲಿಲ್ಲ, ದಡಕ್ಕೆ ಬಂದಿದಾರೆ ಅಂದ್ರು. ಹಂಗಾದ್ರೆ ಎಲ್ಲೋ ಕುಡಿದು ಬಿದ್ದಿದಾರೆ ಅಂತ ಬೈಕೊಂಡು ಕೂತಿದೀನಿ."

ಇದು ಆಟವೆಂಬ ನನ್ನ ಅನುಮಾನ ಅಲ್ಲಿಗೆ ಮುಗಿಯುತ್ತದೆ. ನಾಚಿಕೆಯಾಗುತ್ತದೆ, ಹೆದರಿಕೆಯೂ.

ಅನುಮಾನಕ್ಕ ಕೈಯಾರೆ ದೋಣಿಯನ್ನು ಪಟ್ಟಿಗೆ ಸೇರಿಸುತ್ತಾರೆ. ಠಾಣೆಗಳಿಗೆ ಫೋನ್ ಮಾಡಿ ದಿನಚರಿ ಪುಸ್ತಕ ಓದಿಸಿ, ದೋಣಿ ನಿನ್ನೆ ಮಧ್ಯಾಹ್ನ ಮೂರಕ್ಕೆ ಎರಡನೇ ಠಾಣೆಯಿಂದ ಮೂರನೇ ಠಾಣೆಯ ಕಡೆಗೆ ದಾಟಿತೆಂದು ತಿಳಿದುಕೊಳ್ಳುತ್ತಾರೆ. ಆರು ಗಂಟೆಯ ಹೊತ್ತಿಗೆ ರಕ್ಷಣಾ ದೋಣಿ ಹೊರಟಿದೆ. ಆಮೇಲಷ್ಟೇ ಅವರು ನನ್ನ ಕಡೆ ತಿರುಗುತ್ತಾರೆ.

"ಕೂಸನ್ನ ಒಬ್ಬರ ಕೈಯಿಂದ ಇನ್ನೊಬ್ಬರು ಎತ್ಕೊಳ್ಳೋವಾಗ ಏನ್ಮಾಡ್ತೀವಿ? ಅವರು ಹಿಡಿದ್ರು ಅಂತ ಖಾತ್ರಿಯಾದ ಮೇಲೆ ನಾವು ಕೈ ಬಿಡ್ತೀವಿ. ಇಲ್ಲಿ ಎರಡನೇ ಠಾಣೆ 'ತಗೋ' ಅಂದು ಆಗ್ಲೇ ಬಿಟ್ಟಿದೆ. ಅದೇ ಹೊತ್ತಿಗೆ ಮೂರನೇ ಠಾಣೆಯ ಕಂಪ್ಯೂಟರಿನ ಲೈನು ಹೋಗಿದೆ. ಕಡತ ಯಾರ ಕೈಯಲ್ಲೂ ಇಲ್ಲ. ಯಂತ್ರ ಅಳಿಸಿಬಿಡ್ತು."

ಮೊದಲು ಹೀಗಿರಲಿಲ್ಲವಂತೆ. ಆ ಕಡೆಯಿಂದ 'ಹಿಡಿದೆ' ಎಂಬ ಉತ್ತರ ಬರುವವರೆಗೆ ಈ ಕಡೆಯ ಯಂತ್ರ ಕಾಯುತ್ತಿತ್ತು. ತಡವಾಗುತ್ತದೆ ಎಂಬ ದೂರಿತ್ತು. ಹೋದ ಮಂಗಳವಾರ ಕಾಯುವುದನ್ನು ತೆಗೆದುಹಾಕಿದ್ದಾರೆ. ಯಾರು ಒಪ್ಪಿದರೆಂದು ಕೇಳುತ್ತೇನೆ. ಆ ಆಕಳಿಕೆಯ ಸಾಹೇಬರೇ ಇರಬೇಕು, ಸಿಕ್ಕಿಬಿದ್ದರು ಎಂದು ನನ್ನ ಪೆನ್ನು ಸಿದ್ಧವಾಗಿದೆ. ಅನುಮಾನಕ್ಕ ಕಪಾಟಿನಿಂದ ಒಪ್ಪಿಗೆಯ ಕಾಗದವನ್ನು ತೆಗೆದು ಮುಂದಿಡುತ್ತಾರೆ. ಕೆಳಗಿರುವುದು ಅವರದೇ ಸಹಿ.

"ಹೀಗೆ ಬದಲಾಯಿಸಿದ ಹೊರಗಿನ ಕಂಪನಿಯವರು ಹತ್ತು ಸಾವಿರ ಸಲ ಮಾಡಿ ತೋರಿಸಿದ್ರು. ಒಂದ್ಸಲಾನೂ ತಪ್ಪಲಿಲ್ಲ. ಲೈನು ಕಿತ್ತು ಮಾಡಿ ತೋರಿಸಿ ಅಂತ ನಾನು ಕೇಳಲೇ ಇಲ್ಲ. ನಂಬಿಬಿಟ್ಟೆ."

ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಸುದ್ದಿ ಬರುತ್ತದೆ. ಎಂಜಿನ್ ಕೆಟ್ಟು, ರೇಡಿಯೋವೂ ಸತ್ತು ತೇಲುತ್ತಿದ್ದ ದೋಣಿ ಸಿಕ್ಕಿದೆ. ನಾಲ್ವರೂ ಬದುಕಿದ್ದಾರೆ, ಒಬ್ಬನಿಗೆ ಮಾತ್ರ ಬಿಸಿಲಿನ ಜ್ವರ. ಅಕ್ಕ ಕೂಡಲೇ ಯಜಮಾನನ ಮನೆಗೆ ಫೋನ್ ಮಾಡುತ್ತಾರೆ.

ಹನ್ನೊಂದಕ್ಕೆ ಕೆಳಗೆ ರಕ್ಷಣಾ ದೋಣಿಯವರ ಜೊತೆ ನಾಲ್ವರ ಫೋಟೋ ತೆಗೆಯುತ್ತಾರೆ. ಮೇಲಧಿಕಾರಿಯೂ ನಡುವೆ ನಿಂತಿದ್ದಾರೆ. ಯಜಮಾನನ ಹೆಂಡತಿ ಗಂಡನ ಬೆನ್ನಿಗೆ ನಾಲ್ಕು ಗುದ್ದಿ ಅಲ್ಲೇ ಅಳುತ್ತಾಳೆ. ಮೇಲಿನ ಕೋಣೆಗೆ ಯಾರೂ ಬರುವುದಿಲ್ಲ. ಇಲ್ಲಿ ಅಕ್ಕ ಹಳೆಯ ಕ್ರಮವನ್ನೇ ಮತ್ತೆ ಕೂರಿಸಿ, ಐದೂ ಠಾಣೆಗೆ ಫೋನ್ ಮಾಡಿ, ಲೈನು ಕೀಳಿಸಿ ಕೀಳಿಸಿ ನೋಡುತ್ತಿದ್ದಾರೆ. ಇದು ಮೂವತ್ತೆಂಟನೇ ಸಲ.

ನಿಮ್ಮ ಬಗ್ಗೆ ಏನು ಬರೆಯಲಿ, ಆಸೆ ಏನಾದರೂ ಇದೆಯೇ ಎಂದು ಕೇಳುತ್ತೇನೆ.

"ಹೊಗಳಿ ಬರೀಬೇಡಿ. ಆ ಸಹಿ ನಂದೇ ಅಂತ ಬರೀರಿ. ಇನ್ನು ಕೆಲವು ವರ್ಷಕ್ಕೆ ಈ ಕುರ್ಚೀಲಿ ಬೇರೆ ಯಾರೋ ಕೂರ್ತಾರೆ. ಅಕ್ಕ ಮಾಡಿಟ್ಟದ್ದು ಅಂದ್ರೆ ಸರಿಯಾಗೇ ಇರುತ್ತೆ ಅಂತ ಅವರು ಸುಮ್ನೆ ಇದ್ದುಬಿಡಬಾರದು."