ಸಿಗಡಿಗೂ ಊದುತ್ತಿದ್ದ ಅಕ್ಕ

ಕೊಂಕಣದ ಸಿಗಡಿ ಸುಲಿಯುವ ಶೆಡ್ಡಿನಲ್ಲಿ ನನ್ನ ಜೊತೆಗೆ ಜತ್ತ ತಾಲೂಕಿನ ಬಿಳೂರಿನ ಅಕ್ಕನೊಬ್ಬಳಿದ್ದಳು. ಅವಳದು ಸಿಗಡಿ ಮುಟ್ಟದ ಮನೆತನ. ಆದರೂ ಅವಳಷ್ಟು ಲಗುಬಗೆಯಿಂದ ಸುಲಿಯುವವರಿರಲಿಲ್ಲ. ಹುರಿದ ಶೇಂಗಾ ತಿಕ್ಕಿ ಸಿಪ್ಪೆ ಊದಿದ ರೂಢಿ. ಪ್ರತಿ ಸಿಗಡಿ ಸುಲಿದಾಗಲೂ ಅಂಗೈಗೆ ಉಫ್ ಎಂದು ಊದುತ್ತಿದ್ದಳು. ಒದ್ದೆ ಸಿಪ್ಪೆ ಹಾರೀತೇ? ನಾನು ಅವಳಂತೆ ಊದಿ ಶೆಡ್ಡನ್ನೆಲ್ಲ ನಗಿಸುತ್ತಿದ್ದೆ.

"ಕಣ್ಣ ಕೈಯಾಗ ಇರಬೇಕೋ ತಮ್ಮಾ, ನಿನ್ನವು ಬಾಯಾಗ ಅದಾವು" ಎನ್ನುತ್ತಿದ್ದಳು.

ಸುಲಿಯುವ ಯಂತ್ರಕ್ಕೆ ಕಲಿಸಲೆಂದು ಅಕ್ಕನ ಕೈಕೆಲಸ ಚಿತ್ರೀಕರಿಸಲು ಮಾಲಕರು ಕ್ಯಾಮೆರಾ ತಂದಾಗ ಅವಳು ಹಿಂಜರಿದಳು. "ಇದು ಕಲತರ ನಮಗೇನ ಉಳೀತೈತೋ?"

"ನಿನ್ನ ಕೈ ನನಗs ಬಂದಿಲ್ಲ, ಈ ಡಬ್ಬಿಗಿ ಬರ್ತೈತೇನು? ಕುಂದ್ರಬೇ ಯಕ್ಕಾ" ಎಂದು ನಾನೇ ಅದರ ಮುಂದೆ ಕೂರಿಸಿದೆ.

ಯಂತ್ರ ಬಂತು. ಅದು ಕ್ಯಾಮೆರಾದಿಂದ ಸಿಗಡಿಯನ್ನು ನೋಡಿ, ಬೆನ್ನು ಸೀಳಿ, ಕೊನೆಗೆ ಅಕ್ಕನಂತೆಯೇ, ಆದರೆ ನಳಿಕೆಯಿಂದ ಜೋರು ಗಾಳಿ ಊದಿ ಸಿಪ್ಪೆ ಹಾರಿಸುತ್ತದೆ. ಅಕ್ಕನ ಕೆಲಸ ಹೋಯಿತು. ನನಗೆ ಅದರ ಗುಂಡಿ ಒತ್ತುವ ಕೆಲಸ ಸಿಕ್ಕಿತು.

ಮೊನ್ನೆ ಬಿಳೂರಿಗೆ ಹೋದಾಗ ಅಕ್ಕ ಅಂಗಳದಲ್ಲಿ ಶೇಂಗಾ ತಿಕ್ಕುತ್ತಿದ್ದಳು. "ಬಾ ತಮ್ಮಾ. ಆ ಮಶಿನ್ ಹೆಂಗ ಸುಲೀತೈತಿ, ಮಾಡಿ ತೋರಸು."

ಕೈ ಸೆಟೆಸಿ, ಕಣ್ಣರಳಿಸಿ ಯಂತ್ರವಾದೆ. ಅಕ್ಕ ಬಿದ್ದು ಬಿದ್ದು ನಕ್ಕಳು. ಕೊನೆಗೆ ಉಫ್ ಎಂದೆ.

ನಗು ನಿಂತಿತು. ಅಕ್ಕ ಅಂಗೈಯಲ್ಲಿದ್ದ ಶೇಂಗಾ ಸಿಪ್ಪೆಯನ್ನು ಊದಲಿಲ್ಲ. ಒಂದೊಂದಾಗಿ ಬೆರಳಿನಿಂದ ಆರಿಸತೊಡಗಿದಳು.