ನಾನು ಹಾಕಿದ ಗಂಟು

ಯಲ್ಲವ್ವ, ಆ ಸೀರೆಯ ಎಳೆಗಳಿಗೆ ಗಂಟು ಹಾಕಿದವಳು ನಾನು. ಇಷ್ಟು ವರ್ಷ ಆ ತಪ್ಪು ನಿನ್ನ ಹೆಸರಿನಲ್ಲೇ ಇರಲು ಬಿಟ್ಟೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಮದುವೆಯಾಗಿ ಇಳಕಲ್ಲಿಗೆ ಬಂದ ಹೊಸತು; ಮಧ್ಯಾಹ್ನ ಹೊತ್ತು ಹೋಗದೆ, ನೆಲೆಯಿಲ್ಲದ ಹೆಂಗಸರಿಗೆ ಕಸುಬು ಕಲಿಸುತ್ತಿದ್ದ ಆಶ್ರಯಕ್ಕೆ ಬರುತ್ತಿದ್ದೆ. ನೀನು ಬಾದಾಮಿಯ ಬಸ್ ನಿಲ್ದಾಣದಲ್ಲಿ ಮಲಗುತ್ತಿದ್ದವಳು — ಆಶ್ರಯ ಸೇರಿದ ಮೇಲೂ ಚಪ್ಪಲಿಗಳನ್ನು ತಲೆಯಡಿಯೇ ಇಟ್ಟುಕೊಳ್ಳುತ್ತಿದ್ದೆ.

ಕೊಂಡಿ ಸಿಕ್ಕಿಸುವುದನ್ನು ಅಲ್ಲಿ ಕಲಿತೆ ನೀನು. ಸೀರೆಯ ಒಡಲಿನ ಎಳೆಗೆ ಸೆರಗಿನ ಕೆಂಪು ರೇಷ್ಮೆಯ ಎಳೆ, ಕೊಂಡಿಗೆ ಕೊಂಡಿ, ಎಲ್ಲೂ ಗಂಟಿಲ್ಲದೆ. ಗಂಟಿದ್ದರೆ ಮಗ್ಗದ ಹಣಿಗೆಯಲ್ಲಿ ಸಿಕ್ಕಿ ಎಳೆ ಹರಿಯುತ್ತದೆ. ನಾನೊಮ್ಮೆ ಕೈ ಹಾಕಿದಾಗ ನೀನು ನಕ್ಕು, "ಅಕ್ಕಾರ, ನಿಮ್ಮ ಕೈಬಟ್ಟು ಬರೇ ಬೆಣ್ಣಿ ತಿಂದಾವ. ಬಿಡ್ರಿ, ನೂಲಿಗೆ ನಾಚಿಕಿ ಆಗ್ತೈತಿ" ಎಂದಿದ್ದೆ.

ನೇಕಾರ ಸಂಗಪ್ಪನವರು ಮಾತು ಕೊಟ್ಟಿದ್ದರು — ಈ ಸೀರೆ ನೆಟ್ಟಗಾದರೆ ಕೆಲಸವೂ ನಿನ್ನದು, ಮಗ್ಗದ ಹಿಂದಿನ ಖೋಲಿಯೂ ನಿನ್ನದು. ಖೋಲಿ ಸಿಕ್ಕರೆ, ಕಲಾದಗಿಯಲ್ಲಿ ನಿನ್ನ ಅಕ್ಕನ ಬಳಿ ಬಿಟ್ಟಿದ್ದ ಮಗಳನ್ನು ಕರೆತರುವವಳಿದ್ದೆ. ಅವಳ ಲಂಗ ತೂಗುಹಾಕಲು ಮೊಳೆ ಎಲ್ಲಿ ಹೊಡೆಯಬೇಕೆಂದೂ ನೋಡಿಟ್ಟಿದ್ದೆ.

ಅಂದು ನೀನು ಊಟಕ್ಕೆ ಎದ್ದುಹೋದಾಗ ನಾನು ಸುಮ್ಮನೆ ಆ ಕೆಂಪನ್ನು ಮುಟ್ಟಿದೆ. ಉಂಗುರದ ಹರಳು ಸಿಕ್ಕಿ ಒಂದಷ್ಟು ಕೊಂಡಿಗಳು ಜಾರಿದವು. ನಿನ್ನನ್ನು ಕೂಗಬಹುದಿತ್ತು. ಆದರೆ — ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ್ದ, ಕಣ್ಣಿಗೇ ಕಾಣದಂಥ ಸಣ್ಣ ಗಂಟು ನನಗೆ ಬರುತ್ತಿತ್ತು. ಹಾಕುತ್ತ ಹೋದೆ. ಹಾಕುವಾಗ ತುಸು ಹೆಮ್ಮೆಯೂ...

ಸಂಗಪ್ಪನವರ ಮನೆಯಲ್ಲಿ ನಮ್ಮೆಲ್ಲರೆದುರು ಮಗ್ಗಕ್ಕೇರಿಸಿದಾಗ ಎಳೆಗಳು ಹರಿದವು. ಸಂಗಪ್ಪನವರು ಹರಿದ ತುದಿಯನ್ನು ಬೆಳಕಿಗೆ ಹಿಡಿದು ಹೇಳಿದರು: "ಕೊಂಡಿ ಜಾರತಾವ, ಅದೇನ್ ದೊಡ್ಡದಲ್ಲಬೇ. ಆದ್ರ ಮುಚ್ಚಿಟ್ಟಿ ನೋಡು. ಮುಚ್ಚಿಡೋರನ್ನ ಮನ್ಯಾಗ ಹೆಂಗ ಇಟ್ಕೋಲಿ?"

"ನಾ ಹಾಕಿಲ್ರಿ ಯಪ್ಪಾ. ಅಕ್ಕಾರನ್ನ ಕೇಳ್ರಿ, ಅಲ್ಲೇ ಕುಂತಿದ್ರು."

ಏನೂ ಅರಿಯದೆ ನೀನು ನನ್ನನ್ನೇ ಸಾಕ್ಷಿಗೆ ಕರೆದೆ. ಎಲ್ಲರೂ ನನ್ನ ಕಡೆ ತಿರುಗಿದರು.

"ನಾ ನೋಡ್ಲಿಲ್ಲ" ಎಂದೆ.

ಖೋಲಿ ಬೇರೆಯವರ ಪಾಲಾಯಿತು. ಓಣಿಯಲ್ಲಿ ಸುದ್ದಿ ಹಬ್ಬಿ, ಬೇರೆ ನೇಕಾರರೂ ನಿನ್ನನ್ನು ಕರೆಯಲಿಲ್ಲ. ಒಂದು ದಿನ ನೀನು ಯಾರಿಗೂ ಹೇಳದೆ ಆಶ್ರಯ ಬಿಟ್ಟುಹೋದೆ.

ಹೋದ ಶ್ರಾವಣದಲ್ಲಿ ಮಹಾಕೂಟದ ಹೊಂಡದ ಬಳಿ ಕಸ ಗುಡಿಸುತ್ತಿದ್ದ ನಿನ್ನನ್ನು ಕಂಡೆ. "ಆರಾಮ ಅದೀರೇನ್ರಿ ಅಕ್ಕಾರ?" ಎಂದು ನೀನು ಮೆಟ್ಟಿಲು ಒರೆಸಿಕೊಟ್ಟೆ. ನಾನು — ಕೂತೆ. ಕೇಳಲು ಧೈರ್ಯವಾಗದ್ದನ್ನು ನೀನೇ ಹೇಳಿದೆ: "ಮಗಳು ದೊಡ್ಡಾಕಿ ಆಗ್ಯಾಳ್ರಿ. ನಮ್ಮಕ್ಕಗ ಅವ್ವಾ ಅಂತಾಳ, ನನಗ ಚಿಗವ್ವಾ ಅಂತಾಳ." ಹೇಳಿ ನೀನೇ ನಕ್ಕೆ. ಆಗಲೂ ನಾನು ಬಾಯಿ ಬಿಡಲಿಲ್ಲ.

ಅಕ್ಷರ ಬಾರದ ನೀನು ಇದನ್ನು ಓದಲಾರೆ. ಸಂಗಪ್ಪನವರ ಮನೆಯಲ್ಲಿ ಎಲ್ಲರೆದುರು ಹೇಳಿ, ನಿನ್ನ ಬಳಿಗೆ ಬರುತ್ತೇನೆ. ನೀನು ಒಪ್ಪಿದರೆ ಕಲಾದಗಿಗೂ ಹೋಗುತ್ತೇನೆ — ತಾಯಿ ಯಾಕೆ ಕರೆದೊಯ್ಯಲು ಬರಲಿಲ್ಲವೆಂದು ನಿನ್ನ ಮಗಳಿಗೆ ಹೇಳಬೇಕಾದವಳು ನಾನು.