ಸತ್ತವಳ ಹೆಸರಿನಲ್ಲಿ ಹನ್ನೊಂದು ಪತ್ರಗಳು

ಪೆನ್ಸಿಲ್ವೇನಿಯಾದ ಕಲ್ಲಿದ್ದಲು ಸೀಮೆಯ ಕಾರ್ಬೆಟ್ ಎಂಬ ಊರಿನಲ್ಲಿ ಇರೀನ್ ಹ್ಲಾದಿಕಳ ಮಾತಿಗೆ ಎದುರಾಡಿದವರು ಕಡಿಮೆ. ವಯಸ್ಸು ಎಪ್ಪತ್ತೊಂದು. ಹದಿನೇಳಕ್ಕೆ ಅಂಗಿ ಕಾರ್ಖಾನೆ ಸೇರಿ, ಅದಕ್ಕೆ ಬೀಗ ಬೀಳುವ ದಿನದವರೆಗೂ ಕಾಲರು ಹೊಲಿದವಳು. ತಂದೆಯ ಎದೆಯನ್ನು ಗಣಿಯ ದೂಳು ತಿಂದುಹಾಕಿದ್ದನ್ನು ಪಕ್ಕದಲ್ಲೇ ಕುಳಿತು ಕಂಡವಳು. ಮದುವೆಯಾಗಲಿಲ್ಲ; ಏಕೆಂದು ಕೇಳುವ ಧೈರ್ಯವನ್ನೂ ಯಾರೂ ಮಾಡಲಿಲ್ಲ.

ಈಸ್ಟರಿಗೆ ಮುಂಚಿನ ಉಪವಾಸದ ವಾರಗಳಲ್ಲಿ, ಪ್ರತಿ ಗುರುವಾರ, ಊರಿನ ಹೆಂಗಸರು ಚರ್ಚಿನ ನೆಲಮಾಳಿಗೆಯಲ್ಲಿ ಸೇರಿ ಪಿರೋಹಿ ಮಾಡುತ್ತಾರೆ. ಆಲೂಗಡ್ಡೆಯ ಹೂರಣ ತುಂಬಿ, ಅಂಚನ್ನು ಬೆರಳಿನಿಂದಲೇ ಒತ್ತಿ ಮುಚ್ಚಿ, ನೀರಿನಲ್ಲಿ ಬೇಯಿಸುವ ಕಡುಬು ಅದು. ಆ ಉದ್ದನೆಯ ಮೇಜಿನ ಸುತ್ತ ಒಬ್ಬೊಬ್ಬಳಿಗೆ ಒಂದೊಂದು ಜಾಗ. ಜಾಗದವಳು ಸತ್ತರೆ, ಅಲ್ಲಿ ಬಂದು ನಿಂತವಳು ಅವಳ ಏಪ್ರನ್ನನ್ನು ಕಟ್ಟಿಕೊಳ್ಳುತ್ತಾಳೆ. ಅಷ್ಟೇ ಅಲ್ಲ, ಮೆಟ್ಟಿಲಿಳಿದು ಮತ್ತೆ ಹತ್ತುವವರೆಗೆ ಅವಳ ಹೆಸರನ್ನೂ ಹೊರುತ್ತಾಳೆ. ಗೋಡೆಯ ಮೇಲಿನ ಸರದಿಯ ಪಟ್ಟಿಯಲ್ಲಿ ಇರುವವು ಹಳಬರ ಹೆಸರುಗಳೇ. ಅವನ್ನು ಅಳಿಸುವುದು ಸತ್ತವರನ್ನು ಎರಡನೆಯ ಬಾರಿ ಹೂಳಿದಂತೆ ಎಂಬುದು ಅಲ್ಲಿನ ನಂಬಿಕೆ. ಗುರುವಾರಗಳಂದು ಇರೀನ್ ಯೂಲ್ಯಾ. ಅವಳ ದೊಡ್ಡಪ್ಪನ ಮಗಳು ಸ್ಟೆಲ್ಲಾ ಗುರುವಾರಗಳಂದು ಥೆಕ್ಲಾ.

ಮೂರು ವರ್ಷಗಳ ಹಿಂದೆ ಅದೇ ಮೇಜಿನ ಆನ್ನಾ ತೀರಿಕೊಂಡಾಗ ಆ ಜಾಗಕ್ಕೆ ಊರಿನ ಯಾವ ಹುಡುಗಿಯೂ ಬರಲಿಲ್ಲ. ಬಂದವಳು ನಿಲ್ಡಾ ಕಾಹಾಸ್. ಹೊಂಡುರಾಸ್‌ನವಳು, ಹೆದ್ದಾರಿಯ ಬದಿಯ ಗೋದಾಮಿನಲ್ಲಿ ಪೆಟ್ಟಿಗೆ ಕಟ್ಟುವವಳು. ಸತ್ತವಳ ಹೆಸರನ್ನು ತನಗೆ ಇಟ್ಟರೆಂದು ತಿಳಿದಾಗ ಶಿಲುಬೆಯ ಗುರುತು ಮಾಡಿಕೊಂಡು ಹಿಟ್ಟಿಗೆ ಕೈ ಹಾಕಿದಳು. ಅವಳು ಅಂಚು ಒತ್ತುವ ವೇಗ ನೋಡಿ, ಈ ಆನ್ನಾ ಹಳೆಯ ಆನ್ನಾಳಿಗಿಂತ ವಾಸಿ, ಬಾಯಿಯೂ ಕಡಿಮೆ ಎಂದು ಸ್ಟೆಲ್ಲಾಳೇ ನಗಾಡಿದ್ದಳು.

ಕಳೆದ ಶರತ್ಕಾಲದಲ್ಲಿ, ವರ್ಷಕ್ಕೊಮ್ಮೆ ವಲಸೆ ಕಚೇರಿಗೆ ಹೋಗಿ ಹಾಜರಿ ಹೇಳಬೇಕಾದ ದಿನ ಹೋದ ನಿಲ್ಡಾ ಹಿಂದಿರುಗಲಿಲ್ಲ. ಅಲ್ಲಿಂದಲೇ ಅವಳನ್ನು ವಲಸಿಗರ ಬಂಧನ ಕೇಂದ್ರಕ್ಕೆ ಸಾಗಿಸಿದರು. ಇಲ್ಲೇ ಹುಟ್ಟಿದ ಒಂಬತ್ತು ವರ್ಷದ ಮಗಳು ಚಿಕ್ಕಮ್ಮನ ಮನೆಯಲ್ಲಿ ಉಳಿದಳು. ಜಾಮೀನು ಸಿಗಬೇಕಾದರೆ ಊರಿನವರ ಪತ್ರಗಳು ಬೇಕೆಂದು ಅವಳ ವಕೀಲೆ ಹೇಳಿ ಕಳುಹಿಸಿದಳು; ಹೇಗೆ ಬರೆಯಬೇಕೆಂಬ ಸೂಚನೆಯ ಹಾಳೆಯನ್ನೂ ಜೊತೆಗಿಟ್ಟಳು. ಕಾಗದ ಬರೆಯುವುದನ್ನು ತನಗೆ ಯಾರೂ ಕಲಿಸಬೇಕಿಲ್ಲವೆಂದು ಇರೀನ್ ಆ ಹಾಳೆಯನ್ನು ಬದಿಗಿಟ್ಟಳು. ಒಂದು ಗುರುವಾರ, ಹಿಟ್ಟಿನ ಮೇಜನ್ನು ಒರೆಸಿ, ಮೇಜಿನ ಉಳಿದ ಹತ್ತು ಮಂದಿಯನ್ನೂ ಕೂರಿಸಿ ಬರೆಸಿದಳು, ತಾನೂ ಒಂದು ಬರೆದಳು. ಹನ್ನೊಂದು ಪತ್ರಗಳೂ ಆನ್ನಾಳನ್ನು ಹೊಗಳಿದವು; ನಿಲ್ಡಾ ಎಂಬ ಹೆಸರು ಒಂದರಲ್ಲೂ ಇರಲಿಲ್ಲ. ಲಕೋಟೆಯನ್ನು ಇರೀನಳೇ ಅಂಟಿಸಿ ಅಂಚೆಗೆ ಹಾಕಿದಳು. ಅರವತ್ತು ಪ್ರಕರಣಗಳನ್ನು ಹೊತ್ತ ವಕೀಲೆ ಮೇಲಿನ ಪತ್ರದ ಸಹಿಯನ್ನಷ್ಟೇ ನೋಡಿ ಎಲ್ಲವನ್ನೂ ಕಡತಕ್ಕೆ ಸೇರಿಸಿದಳು.

ವಿಚಾರಣೆಗೆ ಇರೀನ್ ಎರಡು ಗಂಟೆ ಕಾರು ಓಡಿಸಿಕೊಂಡು ಹೋದಳು. ನಿಲ್ಡಾ ಬಂದದ್ದು ಬಂಧನ ಕೇಂದ್ರದಿಂದ, ವಿಡಿಯೋ ಪರದೆಯ ಮೇಲೆ. ಐದು ತಿಂಗಳಲ್ಲಿ ಅವಳ ಮುಖದ ಮಾಂಸವೆಲ್ಲ ಇಳಿದುಹೋಗಿತ್ತು. ಸರ್ಕಾರದ ವಕೀಲ ಹನ್ನೊಂದು ಪತ್ರಗಳನ್ನು ಎತ್ತಿ ಹಿಡಿದು, ಈ ಹೆಂಗಸು ಒಂದು ಊರಿಗೆ ಊರನ್ನೇ ಸುಳ್ಳು ಹೆಸರಿನಿಂದ ನಂಬಿಸಿದ್ದಾಳೆ, ಬಿಟ್ಟರೆ ಇನ್ನೊಂದು ಹೆಸರಿನಲ್ಲಿ ಮರೆಯಾಗುತ್ತಾಳೆ ಎಂದ.

ಇರೀನ್ ಎದ್ದು ನಿಂತಳು. ಆ ಹೆಸರು ನಾವು ಇಟ್ಟದ್ದು ಎಂದು ಮೇಜಿನ ಪದ್ಧತಿಯನ್ನು ವಿವರಿಸಲು ತೊಡಗಿದಳು. ಗೋಡೆಯ ಪಟ್ಟಿಯಲ್ಲಿ ಅವಳು ಆನ್ನಾ ಎಂಬ ಹೆಸರಿನ ಮುಂದೆ ಗುರುತು ಹಾಕುತ್ತಿದ್ದಳೋ ಇಲ್ಲವೋ, ಅಷ್ಟನ್ನು ಹೇಳಿ ಎಂದು ನ್ಯಾಯಾಧೀಶರು ನಡುವೆ ತಡೆದರು.

"ಹಾಕ್ತಿದ್ಳು. ಅದು ಕಡುಬಿನ ಪಟ್ಟಿ ಸ್ವಾಮಿ, ಪಾಸ್‌ಪೋರ್ಟಲ್ಲ."

"ಅಂದರೆ ಬೇರೆ ಹೆಸರಲ್ಲಿ ಗುರುತು ಹಾಕೋ ರೂಢಿ ಇತ್ತು."

"ನಮ್ಮಜ್ಜನಿಗೆ ಮೂರು ಹೆಸರಿತ್ತು. ಸತ್ತ ದಾಯಾದಿಯ ಕಾಗದ ಹಿಡ್ಕೊಂಡು ಹಡಗು ಹತ್ತಿದ್ದ. ಗಣಿ ಗುಮಾಸ್ತ ಇನ್ನೊಂದು ಬರೆದ. ಗೋರಿ ಮೇಲೆ ಮತ್ತೊಂದು ಇದೆ. ಅವನನ್ನ ಯಾರೂ ಒಳಗೆ ಹಾಕಲಿಲ್ಲ."

ಅದು ಈ ಪ್ರಕರಣಕ್ಕೆ ಸಂಬಂಧಿಸಿದ್ದಲ್ಲ ಎಂದರು ನ್ಯಾಯಾಧೀಶರು. ಜಾಮೀನು ಸಿಗಲಿಲ್ಲ. ಎಲ್ಲವೂ ಹದಿನಾಲ್ಕು ನಿಮಿಷದಲ್ಲಿ ಮುಗಿಯಿತು.

ಸರಿಯಾದ ಹೆಸರು ಬರೆದು, ಪದ್ಧತಿಯನ್ನು ವಿವರಿಸಿ, ಹನ್ನೊಂದು ಮಂದಿಯೂ ಪ್ರಮಾಣ ಮಾಡಿ ಸಹಿ ಹಾಕಿದರೆ ಮತ್ತೊಮ್ಮೆ ಅರ್ಜಿ ಹಾಕಬಹುದೆಂದು ವಕೀಲೆ ಹೇಳಿದಳು. ಕೆಲವರಷ್ಟೇ ಬರೆದರೆ ಉಳಿದವರ ಮೌನವೇ ನಿಲ್ಡಾಳ ವಿರುದ್ಧ ಸಾಕ್ಷಿಯಾಗುತ್ತದೆ. ಆ ಭಾನುವಾರ ನಿಲ್ಡಾ ಫೋನಿನಲ್ಲಿ ಸಿಕ್ಕಳು. ಇರೀನ್ ಜೀವನದಲ್ಲಿ ಮೊದಲ ಬಾರಿಯೋ ಏನೋ, ತಪ್ಪು ತನ್ನದೆಂದು ಹೇಳಿದಳು. ನಿಲ್ಡಾ ಎಂದಿನಂತೆ, ಹಿರಿಯ ಹೆಂಗಸರಿಗೆ ತನ್ನ ನುಡಿಯಲ್ಲಿ ಹೇಳುವ 'ದೋನ್ಯಾ' ಸೇರಿಸಿಯೇ ಮಾತಾಡಿದಳು.

"ತಿಂಗಳ ಕೊನೇವರೆಗೆ ಕಾಯ್ತೀನಿ ದೋನ್ಯಾ ಇರೀನ್. ಆಮೇಲೆ, ನಮ್ಮ ದೇಶಕ್ಕೆ ಕಳಿಸಿಬಿಡಿ ಅಂತ ಸಹಿ ಹಾಕ್ತೀನಿ. ಇಲ್ಲಿ ದೀಪ ಆರಿಸೋದೇ ಇಲ್ಲ. ನಿದ್ದೆ ಮಾಡಿ ಎಷ್ಟು ದಿನ ಆಯ್ತೋ."

ಇರೀನ್ ಮನೆಮನೆಗೆ ಹೊರಟಳು. ಮೊದಲ ಮೂರು ದಿನಗಳಲ್ಲಿ, ತನ್ನದೂ ಸೇರಿ, ಹತ್ತು ಸಹಿಗಳಾದವು. ಒಬ್ಬಳು ಅತ್ತು ಸಹಿ ಹಾಕಿದಳು; ಇಬ್ಬರು ಇರೀನಳ ಕಾಟ ತಪ್ಪಲೆಂದು ಹಾಕಿದರು. ಉಳಿದವಳು ಸ್ಟೆಲ್ಲಾ.

ಸ್ಟೆಲ್ಲಾ ಜಾಲರಿ ಬಾಗಿಲನ್ನು ತೆರೆಯದೆ ಒಳಗೇ ನಿಂತಿದ್ದಳು.

"ಹೋದ ಸಲ ಆನ್ನಾ ಅಂತ ಬರೆಸಿದೆ, ಈಗ ನಿಲ್ಡಾ ಅಂತೀಯ. ನಾಳೆ ಇನ್ಯಾವ ಹೆಸರೋ."

"ಹೆಸರಿಟ್ಟಿದ್ದು ನಾವು ಕಣೆ."

"ಬೇಡ ಅನ್ನಬಹುದಿತ್ತಲ್ಲ ಅವಳು."

"ನಿನ್ನ ಮುಂದೆ ಬೇಡ ಅನ್ನೋಕೆ ನನಗೇ ಆಗಲ್ಲ. ಅವಳಿಗೆ ಆಗುತ್ತಾ?"

ಸ್ಟೆಲ್ಲಾಳ ತುಟಿ ಸ್ವಲ್ಪ ಅಲುಗಿತು, ನಗುವಾಗಲಿಲ್ಲ. ವಲಸೆ ಬಂದವರನ್ನು ಟೀವಿಯಲ್ಲಿ ದಿನಾ ತೋರಿಸುತ್ತಾರೆ, ಅವರ ಪೈಕಿ ಯಾರು ಎಂಥವರೆಂದು ಹೇಗೆ ಗೊತ್ತಾಗಬೇಕು, ಪ್ರಮಾಣ ಮಾಡಿ ಸಹಿ ಹಾಕಿದ ಮೇಲೆ ನಾಳೆ ಸರ್ಕಾರದವರು ತನ್ನ ಬಾಗಿಲಿಗೇ ಬಂದರೆ ಯಾರು ಗತಿ ಎಂದೆಲ್ಲ ಹೇಳಿದಳು. ಮೂರು ವರ್ಷ ಅವಳ ಪಕ್ಕದಲ್ಲೇ ನಿಂತಿದ್ದೆಯಲ್ಲ ಎಂದು ಇರೀನ್ ನೆನಪಿಸಿದಳು. ಆಗ ನಿಜವಾದ ಕಾರಣ ಹೊರಬಂತು.

"ಕೋರ್ಟಲ್ಲಿ ಅಜ್ಜನ ವಿಷಯ ಎತ್ತಿದೆಯಂತೆ. ಕಂಡೋರ ಕಾಗದ ಹಿಡ್ಕೊಂಡು ಬಂದ ಅಂತ. ನಮ್ಮಪ್ಪ ಸಾಯೋವರೆಗೂ ಅದನ್ನ ಬಾಯಿ ಬಿಡಲಿಲ್ಲ. ನೀನು ಸರ್ಕಾರದೋರ ಮುಂದೆ ಹೇಳಿ ಬಂದೆ."

"ನಿಜ ತಾನೆ?"

"ನಿಜ ಅಂತಾನೇ ಹೇಳಬಾರದಿತ್ತು."

ಮರದ ಬಾಗಿಲೂ ಮುಚ್ಚಿಕೊಂಡಿತು. ಇರೀನ್ ಮತ್ತೆ ತಟ್ಟಲಿಲ್ಲ. ಎರಡು ದಿನಗಳಿಂದ ಊದಿಕೊಂಡಿದ್ದ ಮೊಣಕಾಲನ್ನು ಮಡಚಲಾರದೆ, ಕಂಬಿ ಹಿಡಿದು ಮೆಟ್ಟಿಲ ಮೇಲೆ ಕುಳಿತಳು. ತಿಂಗಳು ಮುಗಿಯಲು ಆರು ದಿನಗಳಿದ್ದವು. ಸಂಜೆ ಐದಕ್ಕೆ ಸ್ಟೆಲ್ಲಾ ನಾಯಿಯನ್ನು ಹೊರಗೆ ಕರೆದುಕೊಂಡು ಹೋಗಲೇಬೇಕು. ಆ ಮನೆಗೆ ಹಿತ್ತಿಲ ಬಾಗಿಲಿಲ್ಲ. ಇರೀನ್ ಕಾಗದಗಳನ್ನು ತೊಡೆಯ ಮೇಲೆ ಹರಡಿ, ಗಾಳಿಗೆ ಹಾರದಂತೆ ಅವುಗಳ ಮೇಲೆ ಎರಡೂ ಕೈಗಳನ್ನಿಟ್ಟುಕೊಂಡು, ಕಾಯತೊಡಗಿದಳು.